ಮುಲಾಮು ಕೇಳುವ ಮುಂಚೆ

ಸಕಲೇಶಪುರ, ಆಲೂರು ಸೀಮೆಯ ತೋಟ, ಗದ್ದೆ, ಕಾಡಂಚಿನಲ್ಲಿ ದುಡಿಯುವ ಅಣ್ಣಂದಿರೇ, ತಮ್ಮಂದಿರೇ,

ಹೆತ್ತೂರು, ಯಸಳೂರು, ಹಾನುಬಾಳು, ಬೆಳಗೋಡು, ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ, ಯಾವ ಹೋಬಳಿಯವರಾದರೂ ಸರಿ, ಈ ಪತ್ರ ನಿಮಗೇ. ಮೆಡಿಕಲ್ ಶಾಪಿನ ಕಟ್ಟೆಗೆ ಒರಗಿ, ಬೇರೆ ಗಿರಾಕಿಗಳೆಲ್ಲ ಹೋಗಲಿ ಎಂದು ಕಾದು, ಕೊನೆಗೆ ತಗ್ಗಿದ ದನಿಯಲ್ಲಿ 'ಒಂದು ಮುಲಾಮು ಕೊಡಿ' ಅನ್ನುತ್ತೀರಲ್ಲ, ನಿಮಗೆ. ಎಲ್ಲಿಗೆ ಹಚ್ಚೋಕೆ ಎಂದು ಕೇಳಿದರೆ 'ತೊಡೆ ಸಂದಿಗೆ' ಅನ್ನುತ್ತೀರಿ. ಇನ್ನೂ ಕೆದಕಿದರೆ 'ನನಗಲ್ಲ, ನಮ್ಮ ಭಾವನಿಗೆ' ಅನ್ನುತ್ತೀರಿ. ಈ ಸೀಮೆಯ ಭಾವಂದಿರೆಲ್ಲ ಒಟ್ಟಿಗೇ ಕಾಯಿಲೆ ಬಿದ್ದಿದ್ದಾರೆ ಎಂದು ನಂಬುವುದು ನನಗೂ ಕಷ್ಟ.

ವಿಷಯ ಇಷ್ಟೇ: ಶಿಶ್ನದ ತುದಿಯನ್ನು ಮುಚ್ಚಿಕೊಂಡಿರುವ ತೊಗಲು, ಅಂದರೆ ಮುಂದೊಗಲು, ಊದಿಕೊಳ್ಳುವುದು. ಬಾವು ಬರುತ್ತದೆ, ಕೆಂಪಾಗುತ್ತದೆ, ತುರಿಸುತ್ತದೆ, ಉಚ್ಚೆ ಹೊಯ್ಯುವಾಗ ಉರಿಯುತ್ತದೆ, ಕೆಲವರಿಗೆ ತೊಗಲು ಹಿಂದಕ್ಕೆ ಸರಿಯುವುದೇ ಇಲ್ಲ, ಕೆಲವರಿಗೆ ಹಿಂದೆ ಹೋದದ್ದು ಮುಂದೆ ಬರುವುದಿಲ್ಲ. ನನ್ನನ್ನು 'ಡಾಕ್ಟ್ರೇ' ಎಂದು ಕರೆಯುವವರಿದ್ದಾರೆ. ನಾನು ಡಾಕ್ಟರಲ್ಲ, ಔಷಧಿ ಮಾರುವವನು. ಮುಲಾಮು ಮಾರಿದರೆ ನನಗೆ ನಾಲ್ಕು ಕಾಸು ಲಾಭ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ಒಂದು ತೊಂದರೆಗೆ ಮಾತ್ರ ನೋಡದೆ ಮುಲಾಮು ಕೊಡುವುದು ಸರಿಯಲ್ಲ. ಅಂಗಡಿಯ ಕಟ್ಟೆಯ ಮೇಲೆ ನೋಡುವ ಹಾಗೂ ಇಲ್ಲ.

ನಮ್ಮಲ್ಲಿ ಕಾಡಾನೆ ಯಾವ ತೋಟಕ್ಕೆ ನುಗ್ಗಿದೆ, ಮರಿ ಎಷ್ಟಿವೆ, ಸಲಗ ಯಾವ ಕಡೆ ಹೊರಟಿದೆ ಎಂಬ ಸುದ್ದಿ ಬೆಳಿಗ್ಗೆ ಆರಕ್ಕೇ ವಾಟ್ಸಾಪ್‌ನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅದೇ ಫೋನು ಹಿಡಿದ ಗಂಡಸು, ಉಚ್ಚೆ ಹೊಯ್ಯಲು ವಾರದಿಂದ ಒದ್ದಾಡುತ್ತಿರುವುದನ್ನು ಹೆಂಡತಿಗೂ ಹೇಳಿರುವುದಿಲ್ಲ. ಹೆಂಗಸರಿಗೆ ಡಾಕ್ಟರ್ ಅನುಪಮಾ ನಿರಂಜನ 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಬರೆದುಕೊಟ್ಟರು. ಆ ಪುಸ್ತಕಗಳು ಮದುವೆ ಮನೆಗಳಲ್ಲಿ ಉಡುಗೊರೆಯಾಗಿ ಕೈಯಿಂದ ಕೈಗೆ ಹೋದವು. ಗಂಡಸರು ತಮ್ಮ ಮೈಯ ಬಗ್ಗೆ ಕಲಿತದ್ದು ಹೆಚ್ಚಾಗಿ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ 'ಗುಪ್ತರೋಗ' ಜಾಹೀರಾತುಗಳಿಂದ. ಅವು ಕಲಿಸಿದ್ದು ಹೆದರಿಕೆಯನ್ನು ಮಾತ್ರ.

ಮೊದಲು ಹೆದರಿಕೆ ಬಿಡಿ. ಮುಂದೊಗಲಿನ ಚರ್ಮ ತೆಳು, ಸಡಿಲ, ಕೆಳಗೆ ಕೊಬ್ಬಿನ ಪದರವಿಲ್ಲ. ಹಾಗಾಗಿ ಸಣ್ಣ ಕಾರಣಕ್ಕೂ ನೀರು ತುಂಬಿಕೊಂಡು ಒಂದು ರಾತ್ರಿಯಲ್ಲಿ ದಪ್ಪಗಾಗುತ್ತದೆ. ಕಣ್ಣಿನ ರೆಪ್ಪೆಯ ಚರ್ಮವೂ ಅದೇ ಜಾತಿಯದು. ಜೇನು ಹಣೆಗೆ ಕಚ್ಚಿದರೂ ಊದುವುದು ರೆಪ್ಪೆ. ನೋಡಲು ಭಯಂಕರವಾಗಿ ಕಂಡ ಬಾವೆಲ್ಲ ಭಯಂಕರವಲ್ಲ, ಸಾಧಾರಣವಾಗಿ ಕಂಡದ್ದೆಲ್ಲ ಸಾಧಾರಣವೂ ಅಲ್ಲ. ಬಾವಿನ ಗಾತ್ರಕ್ಕಿಂತ ಅದರ ಜೊತೆಗೆ ಇನ್ನೇನಿದೆ ಎಂಬುದನ್ನು ನೋಡಬೇಕು.

ನಮ್ಮ ಸೀಮೆಯಲ್ಲಿ ಇದಕ್ಕೆ ಬೇರೆ ಊರುಗಳಲ್ಲಿಲ್ಲದ ಕಾರಣಗಳು ಬಹಳ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಕಳೆಯುವ ತನಕ ಬಟ್ಟೆ ಒಣಗುವುದಿಲ್ಲ. ಒಲೆಯ ಮೇಲಿನ ಹಗ್ಗದಲ್ಲಿ ನೇತುಹಾಕಿದ ಚಡ್ಡಿ ಹೊಗೆ ಕುಡಿಯುತ್ತದೆಯೇ ಹೊರತು ತೇವ ಬಿಡುವುದಿಲ್ಲ. ಅದನ್ನೇ ಹಾಕಿಕೊಂಡು, ಮೇಲೊಂದು ಪ್ಲಾಸ್ಟಿಕ್ ಹೊದ್ದು, ಗಮ್‌ಬೂಟು ತೊಟ್ಟು ಇಡೀ ದಿನ ಗುಂಡಿ ತೆಗೆದು ಕಸಿ ಮಾಡಿದರೆ ಒಳಗೆ ಬೆವರು, ಹೊರಗೆ ಮಳೆ. ಆ ಕಾವಿನಲ್ಲಿ ಬೂಷ್ಟು ಬೆಳೆಯದೆ ಇನ್ನೆಲ್ಲಿ ಬೆಳೆಯಬೇಕು?

ಇಂಬಳದ ಮಾತು ಬೇರೆ. ಬಿಸಿಲೆ, ಹೊಂಗಡಹಳ್ಳದ ಕಡೆಯವರಿಗೆ ಇಂಬಳ ಕಾಲಿನಿಂದ ಹತ್ತಿ ತೊಡೆ ಸಂದಿ ಮುಟ್ಟುವುದು ಹೊಸದಲ್ಲ. ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ಗೊತ್ತಾಗುವುದು ರಕ್ತ ಕಂಡಾಗ. ಕಾಲಿಗೆ ಹತ್ತಿದಾಗ ಮಾಡುವ ಹಾಗೆ ಸುಣ್ಣ-ಹೊಗೆಸೊಪ್ಪನ್ನೋ ಉಪ್ಪನ್ನೋ ಅಲ್ಲಿಗೆ ಒತ್ತಬೇಡಿ. ಸುಣ್ಣ ಆ ಎಳೆ ಚರ್ಮವನ್ನು ಸುಡುತ್ತದೆ. ಇಂಬಳ ಮಾಡಿದ ಗಾಯ ಎರಡು ದಿನಕ್ಕೆ ಮಾಯುತ್ತದೆ, ಸುಣ್ಣ ಮಾಡಿದ್ದು ಎರಡು ವಾರ ಕಾಡುತ್ತದೆ. ಇಂಬಳದ ಸಪೂರ ತುದಿಯ ಬಾಯಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ತಳ್ಳಿದರೆ ಬಿಡುತ್ತದೆ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡದಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಒಗೆದ ಬಟ್ಟೆಯಿಂದ ಕಾಲು ಗಂಟೆ ಒತ್ತಿ ಹಿಡಿಯಿರಿ. ಅದು ಮೂತ್ರದ ರಂಧ್ರದೊಳಗೇ ಹೊಕ್ಕಿದೆ ಅನಿಸಿದರೆ ಕೈ ಹಾಕದೆ ನೇರ ಆಸ್ಪತ್ರೆಗೆ ಹೋಗಿ.

ಇನ್ನು ಕೈಯ ಮೂಲಕ ಬರುವವು. ಕಾಫಿ ಕೊಯ್ಯುವಾಗ ಚಗಳಿ, ಮರಗಸಿ ಮಾಡುವಾಗ ಕಂಬಳಿಹುಳುವಿನ ಕೂದಲು, ಕಾಡುಗೇರಿನ ಸೊನೆ, ನಸುಗುನ್ನಿಯ ಸುಣೆ ಎಲ್ಲವೂ ಮೊದಲು ಮುಟ್ಟುವುದು ಅಂಗೈಯನ್ನು. ಅಂಗೈಯ ಚರ್ಮ ದಪ್ಪ, ಅದಕ್ಕೇನೂ ಆಗುವುದಿಲ್ಲ. ಅದೇ ಕೈಯಲ್ಲಿ ಪಕ್ಕದ ಮರದಡಿ ಉಚ್ಚೆ ಹೊಯ್ದು ಬಂದರೆ ಸಂಜೆಗೆ ಬಾವು. ಮಳೆಗೆ ಮುಂಚೆ ಬೋರ್ಡೋ ಹೊಡೆಯುವ ದಿನಗಳಲ್ಲಿ ಇದು ಇನ್ನೂ ಹೆಚ್ಚು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಕಲಸಿದ ಕೈಯನ್ನು ಸೋಪು ಹಾಕಿ ತೊಳೆಯದೆ ಚಡ್ಡಿಯ ಗುಂಡಿ ಬಿಚ್ಚಬಾರದು ಎಂಬ ಲೆಕ್ಕ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಕಳೆನಾಶಕ, ಕೀಟನಾಶಕಗಳಿಗೂ ಇದೇ ಮಾತು. ಮೈಯ ಬೇರೆ ಚರ್ಮಕ್ಕಿಂತ ಆ ಭಾಗದ ಚರ್ಮ ರಾಸಾಯನಿಕಗಳನ್ನು ಎಷ್ಟೋ ಪಟ್ಟು ಹೆಚ್ಚು ಹೀರುತ್ತದೆ. ಗಂಡಸರು ಉಚ್ಚೆ ಹೊಯ್ದ ಮೇಲೆ ಕೈ ತೊಳೆಯಬೇಕು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ತೋಟದಲ್ಲಿ ಹೊಯ್ಯುವುದಕ್ಕೆ ಮುಂಚೆಯೂ ತೊಳೆಯಬೇಕು.

ಒಂದು ಹುಳವನ್ನು ಪ್ರತ್ಯೇಕವಾಗಿ ಹೇಳಬೇಕು. ಪೊದೆ, ಹುಲ್ಲಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಗಳಿಂದ ಬರುವ ಜ್ವರ ಸ್ಕ್ರಬ್ ಟೈಫಸ್. ಅವು ಕಚ್ಚಿದ ಜಾಗದಲ್ಲಿ ಎಷ್ಟೋ ಸಲ ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಏಳುತ್ತದೆ. ನೋವಿಲ್ಲ, ತುರಿಕೆ ಇಲ್ಲ. ಬಹಳ ಸಲ ಅದು ಇರುವುದು ತೊಡೆ ಸಂದಿಯಲ್ಲಿ, ವೃಷಣದ ಚೀಲದ ಮೇಲೆ, ಇಲ್ಲವೇ ಶಿಶ್ನದ ಮೇಲೆ. ಜ್ವರಕ್ಕೆ ಆಸ್ಪತ್ರೆಗೆ ಹೋದವನು ಜ್ವರ, ತಲೆನೋವು ಎಲ್ಲ ಹೇಳಿ ಇದೊಂದನ್ನು ಹೇಳುವುದಿಲ್ಲ. ಡಾಕ್ಟರು ಆ ಹಕ್ಕಳೆ ಕಂಡರೆ ಕಾಯಿಲೆ ಅರ್ಧ ಪತ್ತೆಯಾದಂತೆ; ಔಷಧಿ ಅಗ್ಗದ್ದು, ಬೇಗ ಕೊಟ್ಟರೆ ಒಂದೆರಡು ದಿನದಲ್ಲೇ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಕಿಡ್ನಿಗೆ ಬರುತ್ತದೆ. ನಾಚಿಕೆಯಿಂದ ಜೀವಕ್ಕೇ ಕುತ್ತು ಬರುವ ಉದಾಹರಣೆ ಬೇಕಿದ್ದರೆ ಇದು.

ಬಾವು ಬಂದ ಕೂಡಲೇ ನಮ್ಮವರು ಹೇಳುವುದು 'ಉಷ್ಣ ಆಗಿದೆ' ಎಂದು. ಎಳನೀರು, ಮೆಂತ್ಯದ ನೀರು, ಬಾರ್ಲಿ ಕುಡಿಯುತ್ತಾರೆ. ಕುಡಿಯಿರಿ, ನಷ್ಟವಿಲ್ಲ. ಆಮೇಲಿನ ಕೆಲಸ ಮಾತ್ರ ಬೇಡ: ಡೆಟಾಲ್ ಸುರಿಯುವುದು, ಬಟ್ಟೆ ಸೋಪಿನಿಂದ ದಿನಕ್ಕೆ ಮೂರು ಸಲ ತಿಕ್ಕುವುದು. ಉರಿಗೆ ಕಾರಣ ಕೊಳೆ ಎಂದುಕೊಂಡು ಇನ್ನಷ್ಟು ತಿಕ್ಕುತ್ತಾರೆ, ತಿಕ್ಕಿದ್ದಕ್ಕೇ ಇನ್ನಷ್ಟು ಉರಿಯುತ್ತದೆ. ಒಳಭಾಗಕ್ಕೆ ಸೋಪೇ ಬೇಡ. ತೊಗಲು ಸಲೀಸಾಗಿ ಹಿಂದಕ್ಕೆ ಹೋಗುವಷ್ಟೇ ಸರಿಸಿ, ಅಲ್ಲಿ ಸೇರಿದ ಬಿಳಿ ಕೊಳೆಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ತೊಗಲನ್ನು ಮತ್ತೆ ಮುಂದಕ್ಕೆ ತನ್ನಿ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಇದಕ್ಕೆ ಮತ್ತೆ ಬರುತ್ತೇನೆ.

ಸಕ್ಕರೆ ಕಾಯಿಲೆಯ ವಿಷಯ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ಅಂಗಡಿಗೆ ಬರುವ ನಲವತ್ತು ದಾಟಿದವರಲ್ಲಿ ಹೆಚ್ಚಾಗಿ ಇದೇ. ಐಸಿಎಂಆರ್ ಬೆಂಬಲದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ಭಾರತದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನು 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಉಚ್ಚೆಯಲ್ಲಿ ಇಳಿಯುತ್ತದೆ. ತೊಗಲಿನೊಳಗೆ ನಿಂತ ಆ ಸಿಹಿ ತೇವದಲ್ಲಿ ಕ್ಯಾಂಡಿಡಾ ಎಂಬ ಬೂಷ್ಟು ಹಬ್ಬ ಮಾಡುತ್ತದೆ. ತುದಿ ಕೆಂಪು, ಬಿಳಿ ಪುಡಿಪುಡಿ, ತುರಿಕೆ, ತೊಗಲಿನ ಅಂಚಿನಲ್ಲಿ ಸಣ್ಣ ಸಣ್ಣ ಸೀಳು. ಮುಲಾಮಿಗೆ ವಾಸಿಯಾಗುತ್ತದೆ, ತಿಂಗಳಲ್ಲಿ ಮತ್ತೆ ಬರುತ್ತದೆ. ಹಾಗೆ ಮತ್ತೆ ಮತ್ತೆ ಬಂದರೆ ಮುಲಾಮು ಬದಲಿಸುವ ಬದಲು ರಕ್ತ ಪರೀಕ್ಷೆ ಮಾಡಿಸಿ. ತನಗೆ ಶುಗರ್ ಇದೆ ಎಂದು ಎಷ್ಟೋ ಗಂಡಸರಿಗೆ ಮೊದಲು ತಿಳಿಯುವುದು ಈ ದಾರಿಯಿಂದಲೇ.

ಶುಗರ್ ಇದೆ ಎಂದು ಗೊತ್ತಿದ್ದು ಮಾತ್ರೆ ನುಂಗುತ್ತಿರುವವರು ಚೀಟಿ ತೆಗೆದು ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರಿದೆಯೇ? ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಮಾತ್ರೆಗಳೇ. ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದ್ದು 2025ರಲ್ಲಿ ಮುಗಿದ ಮೇಲೆ ಬೆಲೆ ಇಳಿದು ಹಳ್ಳಿಹಳ್ಳಿಗೂ ಬಂದಿವೆ. ಇವು ಕೆಲಸ ಮಾಡುವುದೇ ಸಕ್ಕರೆಯನ್ನು ಉಚ್ಚೆಯಲ್ಲಿ ಹೊರಹಾಕಿ. ಹಾಗಾಗಿ ಮುಂದೊಗಲಿನ ಬೂಷ್ಟು ಇವುಗಳ ಗೊತ್ತಿರುವ ಅಡ್ಡ ಪರಿಣಾಮ. ನೀವೇ ಮಾತ್ರೆ ನಿಲ್ಲಿಸಬೇಡಿ. ಕೊಟ್ಟ ಡಾಕ್ಟರಿಗೆ 'ಇದನ್ನು ಶುರು ಮಾಡಿದ ಮೇಲೆ ಅಲ್ಲಿ ಹೀಗಾಗುತ್ತಿದೆ' ಎಂದು ಹೇಳಿ. ಅಪರೂಪಕ್ಕೆ ಆ ಭಾಗದ ಚರ್ಮದ ಕೆಳಗೆ ಕೊಳೆಯುವ ಸೋಂಕೂ ಹತ್ತಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅದರ ಲಕ್ಷಣವನ್ನು ಮುಂದೆ ಹೇಳುತ್ತೇನೆ.

ಈಗ ನಮ್ಮ ಅಂಗಡಿಗಳ ಸಂಗತಿ. ನೀವು ಕೇಳುವ, 'ಒಂದೇ ಸಲಕ್ಕೆ ಎಲ್ಲದಕ್ಕೂ ಆಗುವ' ಮುಲಾಮಿನಲ್ಲಿ ಬೂಷ್ಟಿಗೊಂದು, ಬ್ಯಾಕ್ಟೀರಿಯಾಕ್ಕೊಂದು ಔಷಧಿ, ಜೊತೆಗೆ ಬಿರುಸಾದ ಸ್ಟಿರಾಯ್ಡ್ ಇರುತ್ತದೆ. ಸ್ಟಿರಾಯ್ಡ್ ತಾಗಿದ ರಾತ್ರಿಯೇ ತುರಿಕೆ ನಿಲ್ಲುತ್ತದೆ, ಅದಕ್ಕೇ ಅದು ನಿಮಗೆ ಇಷ್ಟ. ಒಳಗೆ ಬೂಷ್ಟು ಸಾಯದೆ ಹರಡುತ್ತದೆ, ಚರ್ಮ ತೆಳುವಾಗುತ್ತದೆ, ಬಿಟ್ಟರೆ ಎರಡರಷ್ಟು ತುರಿಸುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 328 ಬೆರಕೆ ಔಷಧಿಗಳನ್ನು ನಿಷೇಧಿಸಿದಾಗ ಅದರಲ್ಲಿ ಇಂಥ ಚರ್ಮದ ಮುಲಾಮುಗಳೂ ಇದ್ದವು. ಹೆಸರು ಬದಲಿಸಿಕೊಂಡ ಅವುಗಳ ತಮ್ಮಂದಿರು ಇನ್ನೂ ಶೆಲ್ಫಿನಲ್ಲಿದ್ದಾರೆ. ಹಾಗೆಂದು ಸ್ಟಿರಾಯ್ಡ್ ಕಂಡರೆ ಓಡಬೇಕಿಲ್ಲ. ತೊಗಲು ಬಿಗಿದು ಹಿಂದಕ್ಕೆ ಸರಿಯದವರಿಗೆ ಡಾಕ್ಟರೇ ನೋಡಿ, ಕೆಲವು ವಾರ ಸ್ಟಿರಾಯ್ಡ್ ಮುಲಾಮು ಹಚ್ಚಿಸಿ ಆಪರೇಷನ್ ತಪ್ಪಿಸುವುದುಂಟು. ನೋಡಿ ಕೊಟ್ಟದ್ದು ಔಷಧಿ. ನೋಡದೆ ಕೊಟ್ಟದ್ದು ನನ್ನ ವ್ಯಾಪಾರ.

ಮಾತ್ರೆಯಿಂದಲೇ ಬಾವು ಬರುವ ಒಂದು ವಿಚಿತ್ರವಿದೆ, ಇದನ್ನು ಡಾಕ್ಟರಿಗಿಂತ ಮುಂಚೆ ನಾವು ಔಷಧಿ ಅಂಗಡಿಯವರು ಹಿಡಿಯಬಹುದು. ಭೇದಿಗೋ ಜ್ವರಕ್ಕೋ ಮೈಕೈ ನೋವಿಗೋ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಶಿಶ್ನದ ತುದಿಯಲ್ಲಿ ಉರಿ, ಕಪ್ಪು-ಕೆಂಪು ಮಚ್ಚೆ, ಒಮ್ಮೊಮ್ಮೆ ಬೊಬ್ಬೆ. ವಾರದಲ್ಲಿ ಮಾಯುತ್ತದೆ, ಕಲೆ ಉಳಿಯುತ್ತದೆ. ಆರು ತಿಂಗಳು ಬಿಟ್ಟು ಅದೇ ಮಾತ್ರೆ ನುಂಗಿದರೆ ಅದೇ ಜಾಗದಲ್ಲಿ ಮತ್ತೆ. ಗಂಡನಿಗೆ ಎಲ್ಲಿಂದಲೋ ರೋಗ ಹತ್ತಿದೆ ಎಂದು ಸಂಸಾರ ಒಡೆಯುವ ಮಟ್ಟಕ್ಕೆ ಹೋಗಲು ಇಷ್ಟು ಸಾಕು. ಕೊಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್, ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಜಾತಿಯವು, ನೋವಿನ ಮಾತ್ರೆಗಳು ಇದಕ್ಕೆ ಹೆಸರಾದವು. ಎಲ್ಲರಿಗೂ ಆಗುವುದಿಲ್ಲ, ಯಾರಿಗೆ ಒಮ್ಮೆ ಆಯಿತೋ ಅವರಿಗೆ ಆಗುತ್ತದೆ. ಆ ಮಾತ್ರೆಯ ಹೆಸರು ಬರೆದು ಪರ್ಸಿನಲ್ಲಿಟ್ಟುಕೊಳ್ಳಿ, ಯಾವ ಆಸ್ಪತ್ರೆಗೆ ಹೋದರೂ ತೋರಿಸಿ.

ಇನ್ನು ನಾನು ಮತ್ತೆ ಬರುತ್ತೇನೆ ಎಂದ ಮಾತು. ಹಿಂದಕ್ಕೆ ಸರಿದ ತೊಗಲು ಮುಂದಕ್ಕೆ ಬಾರದೆ ತುದಿಯ ಹಿಂದೆ ಸಿಕ್ಕಿಕೊಂಡರೆ, ಊದಿದ ಬೆರಳಿನಲ್ಲಿ ಸಿಕ್ಕಿದ ಉಂಗುರದ ಕಥೆಯೇ ಆಗುತ್ತದೆ: ಬಿಗಿದಷ್ಟೂ ಊದುತ್ತದೆ, ಊದಿದಷ್ಟೂ ಬಿಗಿಯುತ್ತದೆ. ತುದಿಗೆ ರಕ್ತ ಹೋಗುವುದು ಕಡಿಮೆಯಾಗಿ ನೀಲಿಗಟ್ಟಬಹುದು, ಗಂಟೆಗಟ್ಟಲೆ ಬಿಟ್ಟರೆ ಕೊಳೆಯಲೂಬಹುದು. ತೊಳೆಯುವಾಗ ಸರಿಸಿ ಮರೆತವರಿಗೆ, ಸಂಭೋಗದ ನಂತರ, ಮದುವೆಯಾದ ಹೊಸತರಲ್ಲಿ, ಆಸ್ಪತ್ರೆಯಲ್ಲಿ ಉಚ್ಚೆಗೆ ಪೈಪು ಹಾಕಿಸಿಕೊಂಡ ವಯಸ್ಸಾದವರಿಗೆ ಇದು ಆಗುತ್ತದೆ. ಮನೆಯಲ್ಲಿ ಅಪ್ಪನಿಗೋ ಮಾವನಿಗೋ ಪೈಪು ಇದ್ದರೆ, ಶುಚಿ ಮಾಡಿದ ಮೇಲೆ ತೊಗಲು ಮುಂದೆ ಬಂದಿದೆಯೇ ಎಂದು ನೋಡುವುದು ಮಕ್ಕಳ ಕೆಲಸ. ಸಂಕೋಚ ಬೇಡ.

ಇದೇನೂ ಹೊಸ ರೋಗವಲ್ಲ. ಸುಶ್ರುತ ಸಂಹಿತೆ ಇದನ್ನು 'ಪರಿವರ್ತಿಕಾ' ಎಂದು ಕ್ಷುದ್ರರೋಗಗಳ ಸಾಲಿನಲ್ಲಿ ಹೇಳಿ, ತುಪ್ಪ ಸವರಿ ಶಾಖ ಕೊಟ್ಟು ತೊಗಲನ್ನು ಮೆಲ್ಲಗೆ ಮುಂದಕ್ಕೆ ತರುವ ಕ್ರಮವನ್ನೂ ಹೇಳಿದೆ. ಇವತ್ತಿನ ಕ್ರಮವೂ ಅದರ ಹತ್ತಿರದ್ದೇ, ಶಾಖದ ಬದಲು ತಂಪು ಅಷ್ಟೇ. ಆದ ಕೂಡಲೇ ಗೊತ್ತಾದರೆ ಮಲಗಿ, ಬಟ್ಟೆಯಲ್ಲಿ ಸುತ್ತಿದ ತಣ್ಣನೆಯದನ್ನು ಸ್ವಲ್ಪ ಹೊತ್ತು ಇಟ್ಟು, ಊದಿದ ಭಾಗವನ್ನು ಮುಷ್ಟಿಯಲ್ಲಿ ಹಿಡಿದು ಐದು-ಹತ್ತು ನಿಮಿಷ ಒಂದೇ ಸಮನೆ ಒತ್ತಿ. ನೀರು ಇಳಿದ ಮೇಲೆ ಎರಡು ಹೆಬ್ಬೆರಳಿನಿಂದ ತುದಿಯನ್ನು ಒಳಕ್ಕೆ ತಳ್ಳುತ್ತಾ ಉಳಿದ ಬೆರಳುಗಳಿಂದ ತೊಗಲನ್ನು ಮುಂದಕ್ಕೆ ಎಳೆಯಿರಿ. ಎಣ್ಣೆಯೋ ವ್ಯಾಸಲೀನೋ ಇದ್ದರೆ ಸವರಿ. ಊದಿದ ತೊಗಲಿನ ಮೇಲೆ ಸಕ್ಕರೆ ಹಾಕಿ ನೀರು ಇಳಿಸುವುದು ವೈದ್ಯ ಪತ್ರಿಕೆಗಳಲ್ಲೂ ದಾಖಲಾದ ಉಪಾಯ, ಆದರೆ ಅದಕ್ಕೆ ಹೊತ್ತು ಬೇಕು. ಬಣ್ಣ ಬದಲಾಗಿದ್ದರೆ ಹೊತ್ತು ಇಲ್ಲ. ಒಮ್ಮೆ ಪ್ರಯತ್ನಿಸಿ ಆಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಯಲ್ಲಿ ಮರಗಟ್ಟಿಸುವ ಔಷಧಿ ಕೊಟ್ಟು ಹತ್ತು ನಿಮಿಷದಲ್ಲಿ ಸರಿ ಮಾಡುತ್ತಾರೆ, ತೀರಾ ಬಿಗಿದಿದ್ದರೆ ಸಣ್ಣ ಸೀಳು ಹಾಕುತ್ತಾರೆ.

ಅಜ್ಜಿಯರಿಗೂ ತಾಯಂದಿರಿಗೂ ನಿಮ್ಮ ಮೂಲಕವೇ ಒಂದು ಮಾತು ಮುಟ್ಟಿಸಬೇಕು. ಎಳೆಮಗುವಿಗೆ ನೀರು ಹಾಕುವಾಗ ಎಣ್ಣೆ ಹಚ್ಚಿ ಬುಲ್ಲಿಯ ತೊಗಲನ್ನು ಹಿಂದಕ್ಕೆ ಎಳೆಯುವ ಪದ್ಧತಿ ನಮ್ಮ ಕಡೆ ಇದೆ. ಬೇಡ. ಹುಟ್ಟಿದಾಗ ಆ ತೊಗಲು ತುದಿಗೆ ಅಂಟಿಕೊಂಡೇ ಇರುತ್ತದೆ. ಡಗ್ಲಸ್ ಗೇರ್ಡ್ನರ್ ಎಂಬ ಬ್ರಿಟಿಷ್ ಮಕ್ಕಳ ವೈದ್ಯ 1949ರಲ್ಲಿ ಬರೆದ ಪ್ರಕಾರ ಹುಟ್ಟಿದ ಗಂಡು ಮಕ್ಕಳಲ್ಲಿ ಶೇಕಡ 4ರಷ್ಟಕ್ಕೆ ಮಾತ್ರ ಅದು ಪೂರ್ತಿ ಹಿಂದೆ ಸರಿಯುತ್ತದೆ. ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲೆಯ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಹೇಳಿದ್ದು: ಆರೇಳು ವರ್ಷದಲ್ಲಿ ಶೇಕಡ 8ರಷ್ಟು ಹುಡುಗರಿಗೆ ಬಿಗಿ ಇದ್ದದ್ದು, ಹದಿನಾರು-ಹದಿನೇಳಕ್ಕೆ ಶೇಕಡ 1ಕ್ಕೆ ಇಳಿಯಿತು, ಹೆಚ್ಚಿನವರಿಗೆ ತನ್ನಷ್ಟಕ್ಕೇ. ಎಳೆದು ಬಿಡಿಸಲು ಹೋದರೆ ಹರಿದು, ಮಾಯುವಾಗ ಗಾಯದ ಕಲೆ ಗಟ್ಟಿಯಾಗಿ, ಇಲ್ಲದ ರೋಗ ಬರುತ್ತದೆ. ಉಚ್ಚೆ ಹೊಯ್ಯುವಾಗ ತೊಗಲು ಬಲೂನಿನ ಹಾಗೆ ಉಬ್ಬಿ ಇಳಿದರೆ, ಮಗು ಅಳದಿದ್ದರೆ, ಉಚ್ಚೆ ಸರಾಗವಾಗಿದ್ದರೆ ಹೆದರಬೇಡಿ. ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ಉಚ್ಚೆ ಹನಿಹನಿಯಾದರೆ ತೋರಿಸಿ. ಮಗುವಿಗೆ ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆಯೂ ಊದಿ, ಬುಲ್ಲಿಯೂ ನೋವಿಲ್ಲದೆ ಊದಿದ್ದರೆ ಅದು ಕಿಡ್ನಿಯಿಂದ ಪ್ರೋಟೀನ್ ಸೋರುವ ಕಾಯಿಲೆ ಇರಬಹುದು, ಉಚ್ಚೆ ಪರೀಕ್ಷೆ ಮಾಡಿಸಬೇಕು. ಸುನ್ನತಿ ಆದ ಮಗುವಿಗೆ ಕೆಲವು ದಿನ ಬಾವು ಸಹಜ. ರಕ್ತ ನಿಲ್ಲದಿದ್ದರೆ, ಉಚ್ಚೆ ಹೊಯ್ಯದಿದ್ದರೆ ಸಹಜವಲ್ಲ.

ಬೇರೆಯವರ ಸಹವಾಸದಿಂದ ಬಂದಿರಬಹುದಾದದ್ದರ ಬಗ್ಗೆ ಉಪದೇಶ ಮಾಡುವುದಿಲ್ಲ. ಕೀವು ಸೋರಿದರೆ, ನೀರುಗುಳ್ಳೆ ಎದ್ದರೆ, ನೋವೇ ಇಲ್ಲದ ಗಟ್ಟಿ ಹುಣ್ಣು ಆದರೆ ಪರೀಕ್ಷೆ ಬೇಕು. ನೋವಿಲ್ಲದ್ದು ತಾನಾಗಿ ಮಾಯುತ್ತದೆ, ಮಾಯಿತೆಂದು ನೀವು ಬಿಡುತ್ತೀರಿ, ಆದರೆ ಸಿಫಿಲಿಸ್ ಒಳಗೇ ಉಳಿದಿರುತ್ತದೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೆ ಪರೀಕ್ಷೆ, ಔಷಧಿ ಎರಡೂ ಉಚಿತ, ಗುಟ್ಟು ಕಾಯುತ್ತಾರೆ. ಹೆಂಡತಿಗೂ ಜೊತೆಗೇ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ.

ಅರವತ್ತು ದಾಟಿದ ಹಿರಿಯರೇ, ಎಷ್ಟೋ ವರ್ಷದಿಂದ ತೊಗಲು ಹಿಂದಕ್ಕೆ ಹೋಗುತ್ತಿಲ್ಲ, ಈಗ ಒಳಗೆ ಏನೋ ಗಂಟು ಕೈಗೆ ಸಿಗುತ್ತಿದೆ, ವಾಸನೆ ಬರುತ್ತಿದೆ, ಬಟ್ಟೆಗೆ ರಕ್ತದ ಕಲೆ ಆಗುತ್ತಿದೆ ಎಂದಾದರೆ ಮುಲಾಮಿನ ಮಾತೇ ಬೇಡ. ಶಿಶ್ನದ ಕ್ಯಾನ್ಸರ್ ಅಪರೂಪದ್ದು, ಆದರೆ ಬಿಗಿದ ತೊಗಲಿನೊಳಗೆ ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಬೇಗ ಬಂದವರಿಗೆ ಅಂಗ ಉಳಿಸಿಕೊಡುತ್ತಾರೆ. ತೊಗಲಿನ ಅಂಚು ಬೆಳ್ಳಗೆ, ಗಟ್ಟಿಯಾಗಿ ಬಳೆಯ ಹಾಗೆ ಕಟ್ಟಿಕೊಂಡಿದ್ದರೂ ಒಮ್ಮೆ ತೋರಿಸಿ. ಅದು ಬೇರೆಯೇ ಚರ್ಮರೋಗ, ವರ್ಷಗಟ್ಟಲೆ ಬಿಡುವಂಥದ್ದಲ್ಲ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೇ? ಇದೆ. ಹುಳ ಕಚ್ಚಿಯೋ, ಬಟ್ಟೆ ಉಜ್ಜಿಯೋ, ಸೊನೆ ತಾಗಿಯೋ ಬಂದ ಸಣ್ಣ ಬಾವು, ಉಚ್ಚೆ ಸರಾಗ, ಜ್ವರ ಇಲ್ಲ ಎಂದಾದರೆ ಎರಡು ದಿನ ನೋಡಬಹುದು. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಉಪ್ಪು ಹಾಕಿ ದಿನಕ್ಕೆರಡು ಸಲ ಅದ್ದಿ ತೊಳೆಯಿರಿ, ಒತ್ತಿ ಒಣಗಿಸಿ, ಸಡಿಲವಾದ ಹತ್ತಿಯ ಪಟ್ಟಾಪಟ್ಟಿ ಹಾಕಿ, ರಾತ್ರಿ ಲುಂಗಿಯಲ್ಲೇ ಮಲಗಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಾವು ಇಳಿಯುವ ತನಕ ಹೆಂಡತಿಯಿಂದ ದೂರವಿರಿ. ಮಳೆಗಾಲದಲ್ಲಿ ಮನೆಗೆ ಬಂದ ಕೂಡಲೇ ಒದ್ದೆ ಚಡ್ಡಿ ಕಳಚಿ. ಕಾಫಿ ಕುಡಿದು, ಟಿವಿ ನೋಡಿ, ಆಮೇಲೆ ಅಲ್ಲ. ಮೂರನೆಯ ದಿನ ಇಳಿಯದಿದ್ದರೆ, ಶುಗರ್ ಇದ್ದರೆ ಮೊದಲ ದಿನವೇ, ಡಾಕ್ಟರ ಹತ್ತಿರ ಹೋಗಿ.

ಆ ರಾತ್ರಿಯೇ ಹೊರಡಬೇಕಾದವು ಬೇರೆ. ತೊಗಲು ಹಿಂದೆ ಸಿಕ್ಕಿಕೊಂಡದ್ದು. ಉಚ್ಚೆ ಕಟ್ಟಿಕೊಂಡು ಕಿಬ್ಬೊಟ್ಟೆ ಉಬ್ಬಿದ್ದು. ತುದಿ ನೀಲಿಯೋ ಕಪ್ಪೋ ಆದದ್ದು. ಉಂಗುರ, ರಬ್ಬರ್, ದಾರ ಯಾವುದೇ ಕಾರಣಕ್ಕೆ ಸಿಕ್ಕಿಸಿಕೊಂಡದ್ದು. ಕಾರಣವನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳಬೇಕಿಲ್ಲ. ಬಾವಿನ ಜೊತೆ ತುಟಿ, ಮುಖ ಊದಿ ಉಸಿರು ಕಟ್ಟಿದ್ದು. ಚಳಿಜ್ವರ ಬಂದು, ಬಾವು ವೃಷಣದ ಕಡೆಗೆ, ಗುದದ ಕಡೆಗೆ ಗಂಟೆಗಂಟೆಗೂ ಹರಡುತ್ತಾ, ಕಂಡದ್ದಕ್ಕಿಂತ ಹೆಚ್ಚು ನೋವು, ಕೊಳೆತ ವಾಸನೆ ಇದ್ದದ್ದು. ಇದೇ ನಾನು ಮೇಲೆ ಹೇಳಿದ, ಶುಗರ್ ಇದ್ದವರನ್ನು ಹೆಚ್ಚು ಹಿಡಿಯುವ ಸೋಂಕು. ಇನ್ನೊಂದು, ಹುಡುಗರು 'ಅಲ್ಲಿ ನೋವು' ಎಂದಷ್ಟೇ ಹೇಳಿ ಹೊಟ್ಟೆ ಹಿಡಿದು ವಾಂತಿ ಮಾಡಿಕೊಂಡರೆ ವೃಷಣ ತಿರುಚಿಕೊಂಡಿರಬಹುದು. ಅದಕ್ಕಿರುವ ಗಡುವು ಸುಮಾರು ಆರು ಗಂಟೆ.

ರಾತ್ರಿ ಹೊರಡಲು ನಮ್ಮ ಸೀಮೆಯಲ್ಲಿ ಆನೆಯ ಭಯ, ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯ. ಶಿರಾಡಿ ಘಾಟಿ ಬಂದ್ ಆದರೆ ಮಂಗಳೂರಿನ ಆಸೆ ಬಿಡಿ; ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ, ಆಲೂರಿನ ತಾಲೂಕು ಆಸ್ಪತ್ರೆ, ಅಲ್ಲಿ ಆಗದ್ದಕ್ಕೆ ಹಾಸನದ ಹಿಮ್ಸ್ ಆಸ್ಪತ್ರೆ. 108ಕ್ಕೆ ಕರೆ ಮಾಡಿ, ಬೈಕಿನಲ್ಲಿ ಒಂಟಿಯಾಗಿ ಹೊರಡಬೇಡಿ. ಅರ್ಜೆಂಟ್ ಅಲ್ಲದ ಸಂಶಯಕ್ಕೆ 104 ಆರೋಗ್ಯ ಸಹಾಯವಾಣಿಯಿದೆ. ಮುಖ ತೋರಿಸದೆ ಕೇಳಬಹುದು, ನಾಚಿಕೆ ಇರುವವರಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು? ಹರೆಯದ ಹುಡುಗರಿಗೆ ಸ್ನೇಹಾ ಕ್ಲಿನಿಕ್ ಇದೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಎಲ್ಲರೆದುರು ವಿವರಿಸಬೇಕಿಲ್ಲ, 'ಮೂತ್ರದ ಜಾಗದ ತೊಂದರೆ' ಎಂದರೆ ಸಾಕು. ಲೇಡಿ ಡಾಕ್ಟರ್ ಇದ್ದರೆ ವಾಪಸ್ ಬರಬೇಡಿ. ಅವರು ಓದುವಾಗಲೇ ಇದನ್ನೆಲ್ಲ ನೋಡಿದ್ದಾರೆ. ನಿಮ್ಮದರಲ್ಲಿ ಅವರಿಗೆ ವಿಶೇಷವೇನೂ ಕಾಣುವುದಿಲ್ಲ.

ಕೊನೆಗೆ ರೈಟರುಗಳಿಗೆ, ಮೇಸ್ತ್ರಿಗಳಿಗೆ, ಧಣಿಗಳಿಗೆ. ಬೋರ್ಡೋ ಕಲಸುವ ಡ್ರಮ್ಮಿನ ಪಕ್ಕ ಒಂದು ಕೊಡ ನೀರು, ಒಂದು ಸೋಪು ಇಡಿ. ಕೂಲಿ ಲೈನಿನಲ್ಲಿ ಬಟ್ಟೆ ಒಣಗಿಸಲು ಮಾಡು ಇರುವ ಒಂದು ಕಟ್ಟೆ ಮಾಡಿಸಿ. ಅಸ್ಸಾಂ, ಜಾರ್ಖಂಡ್ ಕಡೆಯ ಹುಡುಗರಿಗೆ ಈ ಪತ್ರ ಓದಲಾಗದು, ಹಿಂದಿಯಲ್ಲಿ ಬಾಯಲ್ಲೇ ಹೇಳಿ. ಯಾರಾದರೂ 'ಆಸ್ಪತ್ರೆಗೆ ಹೋಗಬೇಕು' ಎಂದು ಅರ್ಧ ದಿನ ರಜೆ ಕೇಳಿದಾಗ 'ಏನಾಗಿದೆ?' ಎಂದು ಎಲ್ಲರೆದುರು ಕೇಳಬೇಡಿ, ಕಳಿಸಿ. ಇಷ್ಟೆಲ್ಲ ಗಂಡಸರ ಬಗ್ಗೆಯೇ ಬರೆದೆ. ಅದೇ ತೋಟದಲ್ಲಿ ಕೊಯ್ಲಿಗೆ ಬರುವ ಹೆಂಗಸರಿಗೆ ಬೆಳಿಗ್ಗೆಯಿಂದ ಸಂಜೆಯ ತನಕ ಉಚ್ಚೆಗೆ ಹೋಗಲು ಜಾಗವೇ ಇರುವುದಿಲ್ಲ. ಅವರು ನೀರು ಕುಡಿಯುವುದನ್ನೇ ಬಿಟ್ಟು ಉರಿಮೂತ್ರ ಬರಿಸಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಈ ಕೊಯ್ಲಿಗೆ ಮುಂಚೆ ತೋಟದೊಳಗೆ ನಾಲ್ಕು ಕಂಬ ನೆಟ್ಟು, ತಗಡು ಹೊದಿಸಿ, ಬಾಗಿಲು ಚಿಲಕ ಇರುವ ಒಂದು ಮರೆ ಮಾಡಿಸಿ.

ಇಂತಿ ನಿಮ್ಮವ,
ಪೇಟೆಬೀದಿಯ ಮೆಡಿಕಲ್ ಶಾಪಿನವನು